ವಿಮಾನದಲ್ಲಿ ಇಳಿಸಿದ ಉಪ್ಪು

ಎರಡು ವರ್ಷದ ಮೊಮ್ಮಗಳನ್ನು ಲಂಡನ್ನಿನಲ್ಲಿ ನರ್ಸ್ ಆಗಿರುವ ಅವಳ ತಾಯಿಗೆ ಒಪ್ಪಿಸಬೇಕಿತ್ತು. ಭಾಲ್ಕಿಯಿಂದ ನಗುತ್ತಲೇ ಬಂದ ಕೂಸು ವಿಮಾನ ಏರಿದ್ದೇ ಅಳತೊಡಗಿತು. ಮೂರು ತಾಸಾದರೂ ನಿಲ್ಲಿಸಲಿಲ್ಲ, ನೀರೂ ಕುಡಿಯಲಿಲ್ಲ. ದನಿ ಬಿದ್ದುಹೋಯಿತು. ನನಗೆ ಹೆದರಿಕೆಯಾಯಿತು.

ಪಕ್ಕದ ಸೀಟಿನಲ್ಲಿದ್ದ ಬೀದರದ ನೌಬಾದಿನ ಹೆಣ್ಣುಮಗಳೊಬ್ಬಳು ಬುರ್ಖಾ ಸರಿಪಡಿಸಿಕೊಂಡು ಹೇಳಿದಳು: “ನಜರ್ ಆಗ್ಯಾದ್ರಿ ಕಾಕಾ, ಕೂಸಿಗೆ ದೃಷ್ಟಿ ತಾಗ್ಯಾದ.”

ಊಟದ ತಟ್ಟೆಯಲ್ಲಿದ್ದ ಉಪ್ಪಿನ ಪೊಟ್ಟಣ ಹರಿದು ನನ್ನ ಅಂಗೈಗೆ ಸುರಿದಳು. “ಇಳಿಸಿ ನೀರಿಗೆ ಬಿಡ್ರಿ. ನಡುವ ಚೂರೂ ಬೀಳಬಾರ್ದು.”

“ಇಲ್ಲಿ ಹೊಳಿ ಎಲ್ಲಿಂದ ತರ್ಲೆವ್ವ?”

“ಸಂಡಾಸ್ ಅದಲ್ರಿ.”

ಮೂರು ಸಲ ಇಳಿಸಿದೆ. ಕೂಸು ತಟ್ಟನೆ ಸುಮ್ಮನಾಗಿ ನನ್ನ ಮುಷ್ಟಿಯನ್ನೇ ನೋಡಿತು.

ಕೂಸನ್ನು ಆಕೆಯ ತೊಡೆಗೆ ಕೊಟ್ಟು ಎದ್ದೆ. ಹಗಲೇ ಆದರೂ ಕಿಟಕಿ ಮುಚ್ಚಿ ಕತ್ತಲು ಮಾಡಿದ್ದರು. ಎರಡು ಸಾಲು ದಾಟಿದಾಗ ಅಲ್ಲಿ ಮಲಗಿದ್ದ ಮಗು ಎದ್ದು ಅತ್ತಿತು. ನಾನು ಮುಂದೆ ಹೋದಂತೆ ಅದು ಸುಮ್ಮನಾಯಿತು, ಮುಂದಿನದು ಅತ್ತಿತು. ಒಂದೂ ನನ್ನ ಮುಖ ನೋಡಲಿಲ್ಲ. ಎಲ್ಲದರ ಕಣ್ಣೂ ಮುಷ್ಟಿಯ ಮೇಲೆ.

ಸಂಡಾಸಿನಲ್ಲಿ ಉಪ್ಪು ಸುರಿದು ಗುಂಡಿ ಒತ್ತಿದೆ. ನೀರು ಬರಲಿಲ್ಲ. ಗಾಳಿ ಭರ್ರೆಂದು ಎಳೆದುಕೊಂಡಿತು.

ಮರಳಿದಾಗ ಕೂಸು ನೀರು ಕುಡಿಯುತ್ತಿತ್ತು.

“ನೀರಿಗೆ ಬಿಟ್ರಿ?”

“ಗಾಳಿಗೆ ಹೋಯ್ತು.”

ಆಕೆ ಕೂಸನ್ನು ನನ್ನ ತೊಡೆಗೆ ಕೊಟ್ಟು, ತಲೆಯ ಮೇಲಿನ ಗಾಳಿಯ ಕಿಂಡಿ ಮುಚ್ಚಿದಳು.

ವಾಪಸು ಒಬ್ಬನೇ ಬಂದೆ. ಊಟದ ತಟ್ಟೆ ಇಟ್ಟ ಕೂಡಲೇ ಹಿಂದೆ ಮಗುವೊಂದು ಅಳತೊಡಗಿತು. ತಿರುಗಿ ನೋಡಿದರೆ ಹಿಂದಿನ ಸಾಲುಗಳಲ್ಲಿ ಒಂದು ಮಗುವೂ ಇರಲಿಲ್ಲ. ಉಪ್ಪಿನ ಪೊಟ್ಟಣ ಒಡೆಯದೆ ಸಪ್ಪಗೇ ಉಂಡೆ. ಡಾಕ್ಟರರೂ ಉಪ್ಪು ಬಿಡು ಎಂದು ಎಷ್ಟೋ ದಿನದಿಂದ ಹೇಳುತ್ತಿದ್ದರು.