ಗಂಟೆಯ ಒಳಗಿನ ಕುಂಕುಮ

ಇವತ್ತು ಖಡಕಿಯ ಹಳೆಯ ಚರ್ಚಿನ ಮುಂದೆ ಸೀಮೆಎಣ್ಣೆಯ ವಾಸನೆ ಬಂತು, ನಿಂತುಬಿಟ್ಟೆ. ಗಂಟೆಯನ್ನು ರಿಪೇರಿಗೆ ಇಳಿಸಿದ್ದರು, ಒಬ್ಬ ಅದನ್ನು ಸೀಮೆಎಣ್ಣೆಯಲ್ಲಿ ಉಜ್ಜುತ್ತಿದ್ದ. ಅಪ್ಪನ ಕೈಗೆ ಸದಾ ಇದೇ ವಾಸನೆ.

ಅಪ್ಪ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದ. ನಾನು ಸಣ್ಣವಳಿದ್ದಾಗ, ರಜೆಯ ದಿನಗಳಲ್ಲಿ ಇದೇ ಗಂಟೆಯನ್ನು ಇಳಿಸಿ ರಿಪೇರಿ ಮಾಡಿದ್ದ. ಒಳಗೆ ತೂಗುವ ನಾಲಗೆ ಬಡಿದು ಬಡಿದು ಅದರ ಒಂದು ಮಗ್ಗುಲು ಸವೆದಿತ್ತು. ಹೊಸ ಜಾಗಕ್ಕೆ ಬಡಿಯುವಂತೆ ಗಂಟೆಯನ್ನೇ ತಿರುಗಿಸಿ ತೂಗುಹಾಕಬೇಕಿತ್ತು. ಮೇಲೇರಿಸುವ ದಿನ ಬುತ್ತಿ ತಂದ ಅವ್ವ, ಯಾರನ್ನೂ ಕೇಳದೆ, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಅದಕ್ಕೆ ಹಚ್ಚಲು ಹೋದಳು. ಅಪ್ಪ ನಟ್ಟು ತಿರುಗಿಸುವ ಪಾನಾಗಳಿಗೂ ಹಚ್ಚುವವಳು ಅವಳು.

"ಇದು ಚರ್ಚಿಂದು, ಖಬರ ಇಲ್ಲೇನ ನಿನಗ?" ಅಪ್ಪ ಬೈದ.

"ಏರಿಸೋರು ನೀವಲ್ಲೇನ್ರಿ? ನಿಮಗ ಏನಾರ ಆದ್ರ?"

ಪಾದ್ರಿಗಳು ನಕ್ಕು, ಯಾರಿಗೂ ಕಾಣದಂತೆ ಒಳಗೆ ಹಚ್ಚಲು ಸನ್ನೆ ಮಾಡಿದರು. ಅವ್ವ ಒಳಮೈಗೆ ಎರಡು ಬೆರಳಿನಿಂದ ಗೆರೆ ಎಳೆದಳು.

ಈಗ ಅಪ್ಪ, ಅವ್ವ ಇಬ್ಬರೂ ಇಲ್ಲ. ಬಗ್ಗಿ ನೋಡಿದೆ. ಗಂಟೆಯ ಒಳಗೆ ಎರಡು ಕಂದು ಗೆರೆಗಳಿದ್ದವು.

"ಹೇ ಕಾಯ್, ತಾಈ? ಪೇಂಟ್ ಕಾ?" ಇದೇನಕ್ಕಾ, ಬಣ್ಣವೇ ಎಂದು ಉಜ್ಜುತ್ತಿದ್ದವನು ಮರಾಠಿಯಲ್ಲಿ ಕೇಳಿದ.

ಇರಬಹುದು ಎಂದೆ.

ಅವನು ಬಟ್ಟೆ ಅದ್ದಿ ಒರೆಸಿದ. ಎರಡೇ ಸಲಕ್ಕೆ ಗೆರೆಗಳು ಹೋದವು. ತರಕಾರಿ ತರುವುದಿತ್ತು, ಹೊರಟೆ.