ನಿಲ್ಲದ ಪೆಡಲಿನ ನೀಲಿ ಸೈಕಲ್

ಮಕ್ಕಳೇ, ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಒಂದು ಸೈಕಲ್ ಇತ್ತು. ಅದರ ಮೇಲೆ ಕೂತವರ ಕಾಲಿಗೆ ವಿಶ್ರಾಂತಿ ಎಂಬುದೇ ಇರಲಿಲ್ಲ. ಇಳಿಜಾರು ಬಂದರೆ ನೀವು ಪೆಡಲ್ ತುಳಿಯುವುದನ್ನು ಬಿಟ್ಟು ಹಾಯಾಗಿ ಕೂರುತ್ತೀರಲ್ಲ, ಅದರಲ್ಲಿ ಹಾಗೆ ಕೂರಲು ಆಗುತ್ತಿರಲಿಲ್ಲ. ಗಾಲಿ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತಿತ್ತು, ಪೆಡಲಿನ ಜೊತೆ ಕಾಲೂ ತಿರುಗಬೇಕಿತ್ತು. ಹಿಂದಿನ ಗಾಲಿಯ ಫ್ರೀವೀಲ್ ಸವೆದು, ಎಷ್ಟು ತುಳಿದರೂ ಗಾಲಿ ಕದಲದಂತಾದಾಗ ಅಪ್ಪ ಅದನ್ನು ತೆಕ್ಕಲಕೋಟೆಗೆ ಒಯ್ದು ಬೆಸುಗೆ ಹಾಕಿಸಿಬಿಟ್ಟಿದ್ದ. ಅಂದಿನಿಂದ ಗಾಲಿ, ಚೈನು, ಪೆಡಲು ಎಲ್ಲ ಒಂದೇ ಜೀವವಾದವು. ನಿಲ್ಲಬೇಕೆಂದರೆ ತಿರುಗುವ ಪೆಡಲನ್ನು ಕಾಲಿನಿಂದ ತಡೆಯಬೇಕಿತ್ತು. ಬ್ರೇಕು ಇದ್ದದ್ದು ಹೆಸರಿಗೆ ಮಾತ್ರ.

ನಮ್ಮ ಊರು ಕೆಂಚನಗುಡ್ಡ, ಸಿರುಗುಪ್ಪದ ಹತ್ತಿರ, ತುಂಗಭದ್ರೆಯ ಪಕ್ಕದಲ್ಲಿ. ನನ್ನ ಶಾಲೆ ಊರಲ್ಲೇ ಇತ್ತು. ಅಕ್ಕ ಮಾತ್ರ ಸಿರುಗುಪ್ಪದ ಹೈಸ್ಕೂಲಿಗೆ ನಡೆದು ಹೋಗುತ್ತಿದ್ದಳು. ನೀವು ಕುರುಗೋಡು ಅಜ್ಜಿ ಎನ್ನುತ್ತೀರಲ್ಲ, ಅವಳೇ ನನ್ನ ಅಕ್ಕ. ಅವಳ ಜೊತೆ ಬರುತ್ತಿದ್ದ ಗೆಳತಿಗೆ ಮದುವೆ ಗೊತ್ತಾಗಿ, ಆ ವರ್ಷ ದಸರಾ ರಜೆಯಲ್ಲಿ ಆ ಗೆಳತಿ ಶಾಲೆ ಬಿಟ್ಟಳು. ಕಾಲುವೆ ಏರಿಯ ಮೇಲೆ ಮಗಳು ಒಬ್ಬಳೇ ನಡೆದು ಹೋಗುವುದು ಅಮ್ಮನಿಗೆ ಸುತರಾಂ ಒಪ್ಪಿಗೆಯಿರಲಿಲ್ಲ. ಮನೆಯಲ್ಲಿ ಅಕ್ಕನ ಶಾಲೆ ಬಿಡಿಸುವ ಮಾತು ಎದ್ದಿತು. ಅಕ್ಕ ಅಳಲಿಲ್ಲ, ಜಗಳವಾಡಲಿಲ್ಲ. ಊಟ ಬಿಟ್ಟು ಕಂಬಕ್ಕೆ ಒರಗಿ ಕೂತುಬಿಟ್ಟಳು. ಅದನ್ನು ನೋಡಲಾಗದೆ ಅಪ್ಪ ತನ್ನ ಸೈಕಲ್ಲನ್ನೇ ಅವಳಿಗೆ ಕೊಡುತ್ತೇನೆ ಎಂದ. ಹೊಲದ ದಾರಿಯಲ್ಲಿ ಅದನ್ನು ತುಳಿಯಲು ಅವಳು ಆಗಲೇ ಕಲಿತಿದ್ದಳು. ಇನ್ನು ಮೇಲೆ ಹೊಲಕ್ಕೆ ಅವನು ನಡೆದೇ ಹೋಗಬೇಕಾಗಿತ್ತು.

“ಆದ್ರ ಒಂದಿನ ನೋಡ್ತೀನಿ,” ಎಂದ ಅಪ್ಪ. “ಗಂಟಿ ಹೊಡಿಯೋದ್ರಾಗ ಸಾಲಿ ಮುಟ್ಟಬೇಕು, ದೀಪ ಹಚ್ಚೋದ್ರಾಗ ಮನಿಗೆ ಬರಬೇಕು. ನಿನ್ನ ಮಗಳು ದಾರ್ಯಾಗ ಸೈಕಲ್ ಹಿಡ್ಕೊಂಡು ನಿಂತಾಳ ಅಂತ ಯಾರರ ಬಂದು ಹೇಳಿದ್ರು ಅಂದ್ರ, ಅವತ್ತಿಗೆ ನಿನ್ನ ಸಾಲಿ ಮುಗೀತು ತಿಳಕೊ.”

ಹಾಗೆಂದವನೇ ಸೈಕಲ್ಲಿಗೆ ಬಣ್ಣ ಹಚ್ಚಲು ಕೂತ. ನಮ್ಮ ಕಡೆ ಆಯುಧ ಪೂಜೆಗೆ ಮನೆಯ ಕಬ್ಬಿಣದ ಸಾಮಾನನ್ನೆಲ್ಲ ತೊಳೆದು ವಿಭೂತಿ ಹಚ್ಚುತ್ತೇವೆ. ಆ ವರ್ಷ ಮಗಳು ಏರುವ ಸೈಕಲ್ ಎಂದು ಅಪ್ಪನಿಗೆ ತೊಳೆದರೆ ಸಾಲಲಿಲ್ಲ. ಗಾಲಿಗಳನ್ನು ಬಿಚ್ಚಿಟ್ಟು ಫ್ರೇಮಿಗೆ ದಪ್ಪನೆ ನೀಲಿ ಬಣ್ಣ ಬಳಿದ, ಒಣಗುವ ಮೊದಲೇ ಅದರ ಮೇಲೆ ಮತ್ತೊಂದು ಸಲ ಬಳಿದ. ಕಬ್ಬಿಣ ಎಲ್ಲಿಯೂ ಇಣುಕಬಾರದು ಎಂದು ಮೂಲೆ ಮೂಲೆಗೂ ಕುಂಚ ತೂರಿಸಿದ. ಪೂಜೆಯ ಹೊತ್ತು ಮೀರುತ್ತದೆಂದು ಅವಸರದಲ್ಲಿ ಗಾಲಿ ಜೋಡಿಸಿ, ಹ್ಯಾಂಡಲ್ಲಿಗೆ ವಿಭೂತಿಯ ಪಟ್ಟೆ ಎಳೆದು, ಚೆಂಡುಹೂವಿನ ಹಾರ ಹಾಕಿದ. ಮನೆ ತುಂಬ ಬಣ್ಣದ ವಾಸನೆ, ಲೋಬಾನದ ಹೊಗೆ. ನಾನಂತೂ ಆ ಹಳೆಯ ಸೈಕಲ್ ಆಕಾಶದಿಂದ ಇಳಿದು ಬಂತೆಂದೇ ನಂಬಿದ್ದೆ.

ರಜೆ ಮುಗಿದು ಶಾಲೆ ಶುರುವಾದ ದಿನ, ಮೊದಲ ದಿನ ಅಕ್ಕನಿಗೆ ಜೊತೆಯಿರಲಿ ಎಂದು ಅಪ್ಪ ನನ್ನ ಶಾಲೆ ತಪ್ಪಿಸಿ, ನನ್ನನ್ನೂ ಕ್ಯಾರಿಯರ್ ಮೇಲೆ ಕೂರಿಸಿ ಕಳಿಸಿದ. ನಾನು ಬೆನ್ನು ಅಕ್ಕನ ಬೆನ್ನಿಗೆ ಕೊಟ್ಟು ಹಿಂದುಮುಂದಾಗಿ ಕೂತೆ. ಹಾಗೆ ಕೂತವನಿಗೆ ಬರುವುದು ಏನೂ ಕಾಣುವುದಿಲ್ಲ, ಹೋಗುವುದಷ್ಟೇ ಕಾಣುತ್ತದೆ. ನಮ್ಮ ಊರು, ಹಾಳುಬಿದ್ದ ಕೋಟೆಯ ಗೋಡೆ, ಹೊಳೆಯ ಮೇಲಿನ ಮಂಜು ಎಲ್ಲ ನಿಧಾನವಾಗಿ ನನ್ನಿಂದ ಹಿಂದೆ ಸರಿಯುತ್ತಿದ್ದವು. ಕಾಲುವೆಯ ಎರಡೂ ಬದಿಗೆ ನೆಲ್ಲು ಹಾಲುಗಟ್ಟುವ ಕಾಲ, ಗಾಳಿಯಲ್ಲಿ ಹಸಿ ಅಕ್ಕಿಯ ಸಿಹಿ ವಾಸನೆ ಇತ್ತು. ಬೆಳ್ಳಕ್ಕಿಗಳು ಗದ್ದೆಯಿಂದ ಎದ್ದು, ಸ್ವಲ್ಪ ದೂರ ಹಾರಿ, ಮತ್ತೆ ಅಲ್ಲೇ ಇಳಿಯುತ್ತಿದ್ದವು. ಅಕ್ಕನ ಕಾಲು ತಿರುಗುವ ಲಯಕ್ಕೆ ನನ್ನ ತಲೆ ತೂಗುತ್ತಿತ್ತು. ಎಚ್ಚರವಿದ್ದೇ ನಿದ್ದೆ ಮಾಡುವ ಹುಡುಗ ಎಂದು ಅಮ್ಮ ನನ್ನನ್ನು ಬೈಯುತ್ತಿದ್ದುದು ಸುಳ್ಳಲ್ಲ.

“ಕಟಕ್” ಎಂದಿತು. ಪೆಡಲು ಜಾರಿ ಅಕ್ಕನ ಮೈಯೆಲ್ಲ ಒಮ್ಮೆ ಕುಸಿಯಿತು. ಸ್ವಲ್ಪ ದೂರ ಹೋದ ಮೇಲೆ ಮತ್ತೆ “ಕಟಕ್”. ಆಮೇಲೆ ಚೈನು ಪೂರಾ ಕಳಚಿಬಿತ್ತು. ನಿಲ್ಲದ ಸೈಕಲ್ಲಿಗೆ ಚೈನು ಬಿದ್ದರೆ ತಡೆಯುವ ದಾರಿಯೇ ಇರುವುದಿಲ್ಲ. ಏರಿಯ ಅಂಚಿಗೆ ಹೊರಟಿದ್ದ ಸೈಕಲ್ಲನ್ನು ಅಕ್ಕ ಚಪ್ಪಲಿ ಉಜ್ಜಿ ಹೇಗೋ ನಿಲ್ಲಿಸಿದಳು. ಕೆಳಗೆ ಕಾಲುವೆಯ ನೀರು ಸುಮ್ಮನೆ ಹರಿಯುತ್ತಿತ್ತು.

ಚೈನು ಸಡಿಲಾಗಿದೆ ಎಂದುಕೊಂಡಳು ಅಕ್ಕ. ಅಪ್ಪ ಸೀಟಿನ ಕೆಳಗೆ ಒಂದು ಪಾನಾ ಕಟ್ಟಿಟ್ಟಿದ್ದ. ಹಿಂದಿನ ಗಾಲಿಯ ನಟ್ಟುಗಳನ್ನು ಅದರಿಂದ ಸಡಿಲಿಸಿ, ಚೈನು ಬಿಗಿಯಾಗುವಂತೆ ಗಾಲಿಯನ್ನು ಹಿಂದಕ್ಕೆ ಎಳೆದು, ಹಲ್ಲು ಕಚ್ಚಿ ತಿರುವಿದಳು. ಕೈಯೆಲ್ಲ ಕಪ್ಪಾಯಿತು. ಮತ್ತೆ ಹೊರಟೆವು. ಪಂಪಿನ ಮನೆ ದಾಟುವುದರೊಳಗೆ ಮತ್ತೆ ಅದೇ “ಕಟಕ್”.

ಈ ಸಲ ಅವಳು ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿದಳು. ಪೆಡಲನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತ, ಚಕ್ರದ ಒಂದೊಂದು ಹಲ್ಲನ್ನೂ ಬೆರಳಿನಿಂದ ಮುಟ್ಟಿ ನೋಡಿದಳು. ಯಾವುದೂ ಮುರಿದಿರಲಿಲ್ಲ. ಚೈನಿನಲ್ಲಿ ಸೇರಿಕೊಂಡಿದ್ದ ಎರೆಮಣ್ಣನ್ನು ಕಡ್ಡಿಯಿಂದ ಕೆದಕಿ ತೆಗೆದಳು. ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸೊಬ್ಬಳು ಸೊಂಟ ನೆಟ್ಟಗೆ ಮಾಡಿ, “ಏಮಯಿಂದಮ್ಮಾ?” ಎಂದು ತೆಲುಗಿನಲ್ಲಿ ಏನಾಯಿತೆಂದು ಕೇಳಿದಳು. ಅಕ್ಕ ಕಪ್ಪಾದ ಕೈ ಎತ್ತಿ ಚೈನು ತೋರಿಸಿದಳು.

ಅಷ್ಟರಲ್ಲಿ ಎದುರಿನಿಂದ ಒಂದು ಎತ್ತಿನ ಬಂಡಿ ಬಂತು. ನಮ್ಮ ಹೊಲದ ಪಕ್ಕದ ಹೊಲದವನು, ನಾವು ಮಾವ ಎಂದು ಕರೆಯುತ್ತಿದ್ದವನು, ಅದನ್ನು ಹೊಡೆಯುತ್ತಿದ್ದ. ನಮ್ಮನ್ನು ನೋಡಿ ಬಂಡಿ ನಿಲ್ಲಿಸಿದ.

“ಹೆಣ್ಮಕ್ಕಳಿಗ್ಯಾಕವ್ವ ಈ ಉಸಾಬರಿ? ಸೈಕಲ್ ಬಂಡ್ಯಾಗ ಹಾಕು, ಊರಿಗೆ ಬಿಡ್ತೀನಿ.”

“ಬ್ಯಾಡ ಮಾವ, ನೀವು ನಡೀರಿ. ನಾವು ಸಾಲಿಗೆ ಹೋಗಾಕ ಹೊಂಟೀವಿ.”

“ಹಿಂಗ ಕುಂತ್ರ ಸಾಲಿ ಬಿಟ್ಟ ಮ್ಯಾಲ ಮುಟ್ಟತೀರಿ,” ಎಂದು ನಗುತ್ತ ಅವನು ಊರ ಕಡೆ ಹೋದ. ಅವನು ನೇರ ಹೊಲಕ್ಕೆ ಹೋಗುತ್ತಾನೆ, ಅಪ್ಪನಿಗೆ ಹೇಳಿಯೇ ಹೇಳುತ್ತಾನೆ ಎಂದು ನಮ್ಮಿಬ್ಬರಿಗೂ ತಿಳಿಯಿತು. ಅಕ್ಕನ ಮುಖ ಸಣ್ಣದಾಯಿತು. ಆದರೂ ಅವಳು ಮತ್ತೊಮ್ಮೆ ನಟ್ಟು ಬಿಗಿದು, ನನ್ನನ್ನು ಕೂರಿಸಿಕೊಂಡು, ಮೊದಲಿಗಿಂತ ಮೆಲ್ಲಗೆ ತುಳಿಯತೊಡಗಿದಳು. ಅವಳ ಬೆನ್ನು ಬಿಸಿಯಾಗಿತ್ತು. ನಾನು ಕಣ್ಣು ಮುಚ್ಚಿ ಗಾಲಿಯ ಸದ್ದು ಕೇಳುತ್ತ ಕೂತೆ. ನನ್ನ ಕೆಳಗೇ ಯಾರೋ ಗುಟ್ಟು ಹೇಳುತ್ತಿರುವಂತೆ ಸರ್, ಸರ್ ಎಂಬ ಸಣ್ಣ ಸದ್ದು ಶುರುವಾಯಿತು.

“ಅಕ್ಕಾ, ಗಾಲಿ ಪಿಸುಗುಡಾಕತ್ತೈತಿ.”

“ಸುಮ್ನ ಕುಂದ್ರಲೇ, ಕನಸು ಕಾಣಬ್ಯಾಡ.”

“ಕನಸಲ್ಲಬೇ. ಕಟಕ್ ಅನ್ನೋಕಿಂತ ಮದ್ಲ ಹಿಂಗ ಅಂತೈತಿ.”

ಹೇಳಿ ಮುಗಿಸುವಷ್ಟರಲ್ಲಿ “ಕಟಕ್”. ಅಕ್ಕ ಕೂಡಲೇ ಇಳಿದು ಬಗ್ಗಿ ನೋಡಿದಳು. ಗಾಲಿ ಓರೆಯಾಗಿ ಟೈರು ಫ್ರೇಮಿಗೆ ಉಜ್ಜುತ್ತಿತ್ತು. ಅವಳು ಗಾಲಿಯನ್ನು ಸರಿಯಾಗಿ ಕೂರಿಸಿ, ಬಿಗಿದು, ಚೀಲದಿಂದ ಪೆನ್ಸಿಲ್ ತೆಗೆದು ವಾಷರಿನ ಅಂಚಿಗೆ ಫ್ರೇಮಿನ ಮೇಲೆ ಒಂದು ಗೆರೆ ಎಳೆದಳು. ನನ್ನನ್ನು ಅಲ್ಲೇ ನಿಲ್ಲಿಸಿ ಸ್ವಲ್ಪ ದೂರ ಜೋರಾಗಿ ತುಳಿದು ಹೋಗಿ ಬಂದಳು. ಗೆರೆ ಇದ್ದಲ್ಲೇ ಇತ್ತು, ವಾಷರು ಅದನ್ನು ಬಿಟ್ಟು ಮುಂದೆ ಸರಿದಿತ್ತು.

“ಚೈನಿಂದೇನೂ ತಪ್ಪಿಲ್ಲೋ,” ಎಂದಳು ಅಕ್ಕ. ಅವಳ ಕಣ್ಣುಗಳು ಹೊಳೆಯುತ್ತಿದ್ದವು. “ತುಳಿದಂಗ ತುಳಿದಂಗ ಗಾಲೀನ ಮುಂದಕ್ಕ ಜಾರತೈತಿ. ಅದಕ್ಕ ಚೈನು ಸಡ್ಲ ಆಕ್ಕೈತಿ.”

ಅಷ್ಟು ಬಿಗಿದ ನಟ್ಟು ಯಾಕೆ ಹಿಡಿಯುತ್ತಿಲ್ಲ? ಅದನ್ನು ಪೂರ್ತಿ ಬಿಚ್ಚಿ ನೋಡಿದಾಗ ಗೊತ್ತಾಯಿತು. ವಾಷರಿನ ಕೆಳಗೆ ಅಪ್ಪ ಹಚ್ಚಿದ ನೀಲಿ ಬಣ್ಣ ಇನ್ನೂ ಮೆತ್ತಗೇ ಇತ್ತು, ಹಾಲಿನ ಕೆನೆಯಂತೆ ಸುಕ್ಕುಗಟ್ಟಿತ್ತು. ನಟ್ಟು ಕಚ್ಚಿ ಹಿಡಿದದ್ದು ಬಣ್ಣವನ್ನು, ಕಬ್ಬಿಣವನ್ನಲ್ಲ. ಅಪ್ಪ ಪ್ರೀತಿಯಿಂದ ಕುಂಚ ತೂರಿಸಿದ ಮೂಲೆಯೇ ಅಕ್ಕನ ದಾರಿಗೆ ಅಡ್ಡ ಬಂದಿತ್ತು.

ಅಕ್ಕ ಆ ಬಣ್ಣವನ್ನು ಉಗುರಿನಿಂದ ಒತ್ತಿ ನೋಡಿದಳು. ಕೆರೆಯದಿದ್ದರೆ ಶಾಲೆ ಹೋಗುತ್ತದೆ, ಕೆರೆದರೆ ಅಪ್ಪ ನೊಂದುಕೊಳ್ಳುತ್ತಾನೆ. ನನಗಂತೂ ಆ ನೀಲಿ ಅಂದರೆ ಪ್ರಾಣ. ಕೊನೆಗೆ ಅವಳು ಕಂಪಾಸ್ ಡಬ್ಬಿಯಿಂದ ಕೈವಾರ ತೆಗೆದು ಅದರ ಮೊನೆಯಿಂದ ಎರಡೂ ಕಡೆಯ ಬಣ್ಣ ಕೆರೆದಳು. ಒರಟು ಕಲ್ಲಿನಿಂದ ತಿಕ್ಕಿದಳು. ಒಳಗಿನ ಕಬ್ಬಿಣ ಬಿಸಿಲಿಗೆ ಮಿಂಚಿತು. ಚೈನನ್ನು ತೀರ ಬಿಗಿ ಮಾಡದೆ, ಬೆರಳಿಟ್ಟು ಒತ್ತಿದರೆ ಸ್ವಲ್ಪವೇ ಬಾಗುವಂತೆ ಇಟ್ಟು, ಗಾಲಿ ನಡುವೆ ಕೂತಿತೇ ಎಂದು ನೋಡಿ ಬಿಗಿದಳು. ಆಮೇಲೆ ಸೈಕಲ್ ಹೇಗೆ ಓಡಿತು ಗೊತ್ತೇ? ಪಿಸುಮಾತಿಲ್ಲ, ಕಟಕ್ ಇಲ್ಲ. ಬೆಳ್ಳಕ್ಕಿಗಳೇ ನಮ್ಮ ಜೊತೆ ಬಂದವೋ, ನಾವೇ ಅವುಗಳ ಜೊತೆ ಹಾರಿದೆವೋ, ನನಗೆ ಇಂದಿಗೂ ಸ್ಪಷ್ಟವಿಲ್ಲ. ಶಾಲೆಯ ಗೇಟಿನೊಳಗೆ ನಾವು ನುಗ್ಗಿದ ಮೇಲೆ ಗಂಟೆ ಹೊಡೆಯಿತು.

ಸಂಜೆ ಊರು ಹತ್ತಿರವಾದಂತೆ ಅಕ್ಕ ಮೆಲ್ಲಗೆ ತುಳಿಯತೊಡಗಿದಳು. ಊರ ಬಾಗಿಲಿನ ಕಟ್ಟೆಯ ಹತ್ತಿರ ಅಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತಿದ್ದ. ಕಟ್ಟೆಯ ಮೇಲೆ ಹಿರಿಯರು ಕೂತಿದ್ದರು, ಅವರ ನಡುವೆ ಬಂಡಿಯ ಮಾವನೂ ಇದ್ದ. ಅಕ್ಕ ಸೈಕಲ್ ಇಳಿದಳು.

“ದಾರ್ಯಾಗ ನಿಂತಿದ್ದೆಂತಲ್ಲ?” ಎಂದ ಅಪ್ಪ.

“ನಿಂತಿದ್ದೆ. ಗಂಟಿ ಹೊಡಿಯೋದ್ರಾಗ ಮುಟ್ಟಿದೆ.” ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, “ನೀ ಹಚ್ಚಿದ ಬಣ್ಣ ಕೆರದೀನಪ,” ಎಂದಳು.

ಅಪ್ಪ ಕುಕ್ಕರಗಾಲಿನಲ್ಲಿ ಕೂತು, ಬಣ್ಣ ಹೋದ ಜಾಗವನ್ನು ಹೆಬ್ಬೆರಳಿನಿಂದ ಸವರಿದ. ಪೆನ್ಸಿಲ್ ಗೆರೆಯನ್ನು ನೋಡಿ ಇದೇನು ಎಂದು ಕೇಳಿದ. ಅಕ್ಕ ಎಲ್ಲವನ್ನೂ ಹೇಳಿದಳು. ಅಪ್ಪ ಚೈನನ್ನು ಎತ್ತಿ ನೋಡಿದ, ಗಾಲಿಯನ್ನು ಅಲ್ಲಾಡಿಸಿ ನೋಡಿದ. ಕಟ್ಟೆಯ ಮೇಲಿನವರೆಲ್ಲ ಇವನು ಏನು ತೀರ್ಮಾನ ಹೇಳುತ್ತಾನೋ ಎಂದು ಕಾಯುತ್ತಿದ್ದರು. ಅಪ್ಪ ಎದ್ದು, ನನ್ನನ್ನು ಕ್ಯಾರಿಯರಿನಿಂದ ಕೆಳಗಿಳಿಸಿ, ಟವೆಲ್ ಮಡಚಿ ಅದರ ಮೇಲೆ ಹಾಸಿ, ತಾನೇ ಕೂತ.

“ನಡಿ, ಮನಿತನಕ ಬಿಡು ನನ್ನ.”

ಅಕ್ಕ ದಂಗಾಗಿ ನಿಂತಳು. “ಬೀಳ್ತೀವಪ.”

“ಬಿದ್ರ ಇಬ್ರೂ ಕೂಡೇ ಬೀಳೋಣು. ತುಳಿ.”

ಅಕ್ಕ ತುಳಿದಳು. ಮೊದಲು ತುಸು ಓಲಾಡಿದ ಸೈಕಲ್ ಆಮೇಲೆ ನೆಟ್ಟಗಾಯಿತು. ಮಗಳ ಹಿಂದೆ ಕೂತ ಅಪ್ಪ ಕಟ್ಟೆಯವರಿಗೆ ಬರ್ತೀನಿ ಎಂದು ಕೈ ಎತ್ತಿದ. ಬಾಗಿಲು ಬಾಗಿಲಿಗೆ ಜನ ಬಂದು ನಿಂತು ನೋಡಿದರು. ಬಾವಿಯಿಂದ ಬರುತ್ತಿದ್ದ ಹೆಂಗಸರು ಕೊಡ ಹೊತ್ತೇ ನಿಂತರು. ನಾನು ಆ ನೀಲಿಯ ಹಿಂದೆ, ಸಂಜೆಯ ಕೆಂಪು ಧೂಳಿನಲ್ಲಿ ಓಡುತ್ತಿದ್ದೆ. ನನಗೆ ಅಳು ಬರುತ್ತಿತ್ತು, ನಗುವೂ ಬರುತ್ತಿತ್ತು. ಅಕ್ಕನ ಶಾಲೆ ಉಳಿಯಿತು ಎಂದು ಯಾರೂ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ.

ನಿಮ್ಮ ಲೋಕ ಬೇರೆ. ಬಳ್ಳಾರಿಯ ಪಾರ್ವತಿನಗರದ ನಮ್ಮ ಬೀದಿಯಲ್ಲಿ ನಿಮ್ಮ ಸೈಕಲ್ಲುಗಳಿಗೆ ಗೇರು ಇದೆ, ಕಾಲಿಗೆ ವಿಶ್ರಾಂತಿ ಇದೆ, ಮನೆಯ ಮುಂದೆ ಸ್ಕೂಲಿನ ವ್ಯಾನು ಬಂದು ಹಾರನ್ ಹೊಡೆಯುತ್ತದೆ. ನಿಮಗೆ ಶಾಲೆ ಒಮ್ಮೊಮ್ಮೆ ಬೇಜಾರಾಗುವುದೂ ಉಂಟು, ಆಗಲಿ. ಮೊನ್ನೆ ನಿಮ್ಮ ಪೈಕಿ ದೊಡ್ಡವಳು ತನ್ನ ಸ್ಕೂಟರಿನ ಹಿಂದೆ ನನ್ನನ್ನು ಕೂರಿಸಿಕೊಂಡು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದಳಲ್ಲ, ಸಿಗ್ನಲ್ಲಿನಲ್ಲಿ ನಿಂತಾಗ ನಾನು ಸುತ್ತಲೂ ನೋಡಿದೆ. ಹುಡುಗಿಯರ ಹಿಂದೆ ಅಪ್ಪಂದಿರು ಕೂತಿದ್ದರು, ಒಬ್ಬ ಫೋನಿನಲ್ಲಿ ಮಾತಾಡುತ್ತಿದ್ದ, ಇನ್ನೊಬ್ಬ ಆಕಳಿಸುತ್ತಿದ್ದ. ಅಂದಿನ ನಮ್ಮೂರಿನವರಂತೆ ಯಾರಾದರೂ ನಮ್ಮ ಕಡೆ ತಿರುಗಿ ನೋಡುತ್ತಾರೇನೋ ಎಂದು ಕಾದೆ.

ಒಬ್ಬರೂ ನೋಡಲಿಲ್ಲ.

“ಯಾಕಜ್ಜಾ, ಒಬ್ನ ನಗಾಕತ್ತೀಯಲ್ಲ?” ಎಂದು ಅವಳು ಕೇಳಿದಳು. ಏನಿಲ್ಲ, ನಡಿ ಎಂದೆ.