ಚಿಪ್ಪಿನ ಗುಂಡಿಯ ಕೋಟು

ಬಟ್ಟೆ ದಾನ ಮಾಡುವವರಲ್ಲಿ ಒಂದು ಚಾಳಿ ಇರುತ್ತದೆ. ಕೊಡುವ ಮೊದಲು ಒಳ್ಳೆಯ ಗುಂಡಿಗಳನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಚರ್ಚಿನ ಹಿಂಬದಿಯ ಬಟ್ಟೆ ಕೋಣೆಗೆ ಅಂಗಿಗಳು ಎದೆ ತೆರೆದುಕೊಂಡೇ ಬರುತ್ತಿದ್ದವು. ಅವಕ್ಕೆ ಗುಂಡಿ ಹಚ್ಚಿ ಮಾನ ಕಾಯುತ್ತಿದ್ದವಳು ಗುಂಡಿಯಮ್ಮ. ಅವಳ ನಿಜವಾದ ಹೆಸರು ಪಾದ್ರಿಗಳಿಗೂ ಥಟ್ಟನೆ ನೆನಪಾಗುತ್ತಿರಲಿಲ್ಲ.

ಮದುವೆಗೆ ಮುಂಚಿನಿಂದ ಹಿಡಿದು ಗಂಡ ತೀರಿಕೊಂಡ ಮೇಲೂ ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದುಡಿದವಳು. ಬೇರೆಯವರು ತೋಳು ಹೊಲಿದರು, ಕಾಲರ್ ಹೊಲಿದರು; ಇವಳ ಪಾಲಿಗೆ ಜೀವಮಾನವೆಲ್ಲ ಗುಂಡಿಯೊಂದೇ. "ಪೂರ್ತಿ ಅಂಗಿ ಹೊಲಿಯೋಕೆ ನನಗೆ ಬರಲ್ಲ. ಆದ್ರೆ ನಾನಿಲ್ದೆ ಯಾರ ಅಂಗೀನೂ ಮುಚ್ಚಲ್ಲ" ಎಂದು ನಗುತ್ತಿದ್ದಳು. ಕಾರ್ಖಾನೆ ಬಾಗಿಲು ಹಾಕಿದಾಗ ಚರ್ಚಿನವರು ಕೋಣೆಯ ಬೀಗದಕೈ ಕೊಟ್ಟರು. ಸಂಬಳವಿಲ್ಲ. ಮಕ್ಕಳಿಲ್ಲದವಳಿಗೆ ಅದೇ ಸಂಸಾರವಾಯಿತು.

ಮೊದಲೆಲ್ಲ ಅಲ್ಲಿ ಬಂದವರನ್ನು ಸಾಲಾಗಿ ನಿಲ್ಲಿಸಿ ಗಂಟು ಕೈಗಿಡುತ್ತಿದ್ದರು. ಇವಳು ಹಗ್ಗ ಕಟ್ಟಿ ಬಟ್ಟೆಗಳನ್ನು ಅಂಗಡಿಯಂತೆ ತೂಗುಹಾಕಿದಳು. ಎಲ್ಲಿಂದಲೋ ಆಳೆತ್ತರದ ಕನ್ನಡಿ ತರಿಸಿ ನಿಲ್ಲಿಸಿದಳು. ಬಂದವರು ತಾವೇ ಆರಿಸಬೇಕು, ತೊಟ್ಟು ನೋಡಬೇಕು, ಹಿಡಿಸದಿದ್ದರೆ ಬೇಡ ಅನ್ನಬೇಕು. ಚರ್ಚಿನ ಖಜಾಂಚಿಗೆ ಇದು ಸರಿಬರಲಿಲ್ಲ.

"ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ. ನೀನು ಅವರಿಗೆ ಕನ್ನಡಿ ಬೇರೆ ಇಟ್ಟಿದ್ದೀಯ."

"ಹಾಕ್ಲಿ ಬಿಡಿ ಅಣ್ಣ. ಮೈ ಅವರದು, ಅಳತೆ ಅವರದು."

ಇನ್ನೊಂದು ಕಟ್ಟುಪಾಡನ್ನು ಅವಳು ಯಾರಿಗೂ ಹೇಳದೆ ಪಾಲಿಸುತ್ತಿದ್ದಳು. ಬಂದ ಬಟ್ಟೆಯ ಗುರುತನ್ನು ಅಳಿಸುವುದು. ಗುಂಡಿ ಬದಲಿಸುವಳು, ಜೇಬು ಕಿತ್ತು ಬೇರೆ ಬಣ್ಣದ್ದು ಹಚ್ಚುವಳು. ಚಿಕ್ಕಂದಿನಲ್ಲಿ ಯಾರೋ ಕೊಟ್ಟ ಫ್ರಾಕು ತೊಟ್ಟು ಬೀದಿಗಿಳಿದಾಗ ಒಬ್ಬ ಹುಡುಗಿ, "ಅಮ್ಮ, ಅದು ನನ್ನ ಫ್ರಾಕು" ಎಂದು ಬೆರಳು ತೋರಿಸಿದ್ದಳು. ತಲೆ ನರೆತರೂ ಆ ಬೆರಳು ಅವಳ ಬೆನ್ನಿನಿಂದ ಕಳಚಲಿಲ್ಲ. ಹಾಗಾಗಿ ಯಾರು ಕೊಟ್ಟರು, ಯಾರು ತೊಟ್ಟರು ಎಂಬುದು ಅವಳ ಬಾಯಿಂದ ಹೊರಬೀಳುತ್ತಿರಲಿಲ್ಲ. ಎಲ್ಲಿ ಕೆಲಸ, ಯಾರ ಮನೆ ಎಂದು ಬಂದವರನ್ನು ಕೇಳುತ್ತಲೂ ಇರಲಿಲ್ಲ.

ಆ ಚಳಿಗಾಲ ಅದೇ ಚರ್ಚಿಗೆ ಬರುವ ವಕೀಲರೊಬ್ಬರ ಮನೆಯ ಚೀಲದಲ್ಲಿ ಒಂದು ಹಸಿರು ಉಣ್ಣೆಯ ಕೋಟು ಗುಂಡಿಗಳ ಸಮೇತ ಬಂತು. ಚಿಪ್ಪಿನ ಗುಂಡಿಗಳು, ಬೆಳಕಿಗೆ ಹಿಡಿದರೆ ಒಳಗೆ ನೀರು ಅಲುಗಿದ ಹಾಗಿತ್ತು. ಗುಂಡಿಯಮ್ಮ ಕತ್ತರಿ ಎತ್ತಿಕೊಂಡಿದ್ದಾಗಲೇ ಯಾವುದೋ ಕಟ್ಟಡದ ಮೆಟ್ಟಿಲು ತೊಳೆಯುವವಳೊಬ್ಬಳು ಒಳಗೆ ಬಂದಳು. ಗಂಡ ಬಿಟ್ಟುಹೋಗಿ ಮಗಳನ್ನು ಒಬ್ಬಳೇ ಓದಿಸುತ್ತಿದ್ದ ಹೆಂಗಸು. ಬೆಳಕು ಹರಿಯುವ ಮುಂಚೆ ತಣ್ಣೀರಿಗೆ ಕೈಹಾಕುವ ಕೆಲಸ. ಬೆರಳ ಗೆಣ್ಣುಗಳೆಲ್ಲ ಒಡೆದಿದ್ದವು. ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತು, ಒಂದೊಂದೇ ಗುಂಡಿಯನ್ನು ಮುಟ್ಟಿ ನೋಡಿಕೊಂಡಳು.

"ಗುಂಡಿ ಬದಲಾಯಿಸಿ ಕೊಡ್ತೀನಿ ತಾಳಮ್ಮ" ಎಂದಳು ಗುಂಡಿಯಮ್ಮ.

"ಬೇಡಮ್ಮ, ಇರ್ಲಿ ಬಿಡಿ. ಇಂಥದ್ದು ನನ್ನ ಮೈಮೇಲೆ ಯಾವತ್ತು ಇತ್ತು?"

ಗುಂಡಿಯಮ್ಮನ ಮನಸ್ಸು ಕರಗಿತು. ಕತ್ತರಿ ಕೆಳಗಿಟ್ಟಳು.

ಆ ಹೆಂಗಸು ತೊಳೆಯುತ್ತಿದ್ದುದು ವಕೀಲರಿದ್ದ ಕಟ್ಟಡದ ಮೆಟ್ಟಿಲನ್ನೇ. ಮರುವಾರ ಎರಡನೇ ಮಹಡಿಯಲ್ಲಿ ವಕೀಲರ ಹೆಂಡತಿ ಎದುರಾದಳು. ಚಿಪ್ಪಿನ ಗುಂಡಿಗಳನ್ನು ಕಂಡದ್ದೇ ಗುರುತು ಹಿಡಿದಳು. "ಈ ಕೋಟು ಎಲ್ಲಿ ಸಿಕ್ತು?" ಎಂದು ಕೇಳಿದಳು. ಇವಳ ಬಾಯಿಂದ "ಕೊಂಡುಕೊಂಡೆ" ಎಂದು ಬಂದುಬಿಟ್ಟಿತು. "ಎಲ್ಲಿ?" ಎಂದಾಗ ತಲೆ ತಗ್ಗಿಸಿ ಬಕೆಟ್ಟು ಎತ್ತಿಕೊಂಡಳು. ತಮ್ಮ ಮನೆಯ ಬಾಗಿಲ ಪಕ್ಕದ ಗೂಟದಿಂದ ಎತ್ತಿದ್ದಾಳೆ ಎಂದು ಅಲ್ಲೇ ತೀರ್ಮಾನವಾಯಿತು. ವಕೀಲರ ಹೆಂಡತಿ ಕೋಟು ಬಿಚ್ಚಿಸಿಕೊಂಡಳು, ಪೊಲೀಸರಿಗೆ ಕೊಡದಿದ್ದುದೇ ದೊಡ್ಡ ಉಪಕಾರ ಎಂದಳು, ಸಂಜೆಯೊಳಗೆ ಪ್ರತಿ ಬಾಗಿಲಿಗೂ ಸುದ್ದಿ ಮುಟ್ಟಿಸಿದಳು. ಮಾರನೆಯ ದಿನ ಮೆಟ್ಟಿಲಿಗೆ ಬೇರೆಯವಳು ಬಂದಳು.

ಕೆಲಸ ಕಳೆದುಕೊಂಡವಳು ಬಟ್ಟೆ ಕೋಣೆಗೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಎಲ್ಲವನ್ನೂ ಕೇಳಿದ ಗುಂಡಿಯಮ್ಮ ಸೆರಗು ಸರಿಮಾಡಿಕೊಂಡು ಎದ್ದಳು.

"ನಡಿ, ಈಗ್ಲೇ ಹೇಳ್ತೀನಿ. ಚರ್ಚಿನಲ್ಲಿ ಕೊಟ್ಟಿದ್ದು ಅಂತ."

"ಬೇಡಮ್ಮ. ನಿಮ್ಮ ದಮ್ಮಯ್ಯ."

"ಅಯ್ಯೋ ಮಗಳೇ, ಕಳ್ಳಿ ಅನ್ನಿಸ್ಕೊಂಡೇ ಇರ್ತೀಯಾ?"

"ಕಳ್ಳಿ ಅನ್ನೋದು ಸುಳ್ಳು. ಸುಳ್ಳು ಮೈಗೆ ಹತ್ತಲ್ಲ, ಉದುರಿ ಹೋಗುತ್ತೆ. ದಾನ ತಗೊಂಡೆ ಅನ್ನೋದು ನಿಜ, ಅದು ಹತ್ತುತ್ತೆ. ಆ ಮನೆಗಳ ಮಕ್ಕಳ ಜೊತೇಲೇ ನನ್ನ ಮಗಳು ಓದ್ತಾಳೆ. ದುಡಿದು ತಗೊಂಡಿದ್ದು ಅಂತ ಅವಳಿಗೆ ಹೇಳಿದ್ದೀನಿ."

ಗುಂಡಿಯಮ್ಮ ಮತ್ತೆ ಕುಳಿತಳು. ಹೇಳಿದರೆ ಇವಳ ಮಾನ ಹೋಗುತ್ತದೆ, ಹೇಳದಿದ್ದರೆ ಅನ್ನ ಹೋಗುತ್ತದೆ. ತಾನು ಅಂದು ಕತ್ತರಿ ಕೆಳಗಿಡದಿದ್ದರೆ ಎರಡೂ ಹೋಗುತ್ತಿರಲಿಲ್ಲ.

ಭಾನುವಾರ ಆರಾಧನೆ ಮುಗಿದು ಜನ ಪಕ್ಕದ ಸಭಾಂಗಣದಲ್ಲಿ ಚಹಾ ಕುಡಿಯುತ್ತಿದ್ದಾಗ ಅವಳು ನೇರ ವಕೀಲರ ಹೆಂಡತಿಯ ಮುಂದೆ ಹೋಗಿ ನಿಂತಳು.

"ಆ ಕೋಟು ನಿಮ್ಮನೆ ಚೀಲದಲ್ಲೇ ಬಂತು ಕಣಮ್ಮ. ಅವಳು ಕದ್ದಿಲ್ಲ. ನಾನು ಅವಳಿಗೆ ಮಾರಿದೆ."

ವಕೀಲರ ಸೊಸೆ ಅತ್ತೆಯ ಹಿಂದಿನಿಂದ ಮೆಲ್ಲಗೆ ಅಂದಳು: "ಅತ್ತೆ, ಚೀಲಕ್ಕೆ ಹಾಕಿದ್ದು ನಾನೇ. ತೊಡದೇ ಇರೋದನ್ನೆಲ್ಲ ಹಾಕು ಅಂದಿದ್ರಲ್ಲ."

ಅತ್ತೆ ಅವಳತ್ತ ತಿರುಗಲಿಲ್ಲ. ಸಿಟ್ಟಿಗೆ ಹೊಸ ಜಾಗ ಸಿಕ್ಕಿತ್ತು. "ಧರ್ಮದ ಬಟ್ಟೆ ಮಾರ್ಕೊಂಡು ತಿಂದ್ಯಾ? ಈ ವಯಸ್ಸಲ್ಲಿ?"

"ಎಷ್ಟಕ್ಕೆ ಮಾರಿದೆ?" ಎಂದರು ಖಜಾಂಚಿ.

ಈ ಪ್ರಶ್ನೆಯನ್ನು ಗುಂಡಿಯಮ್ಮ ಯೋಚಿಸಿಯೇ ಇರಲಿಲ್ಲ. "ನೆನಪಿಲ್ಲ" ಅಂದಳು. ದೂರದಲ್ಲಿದ್ದ ಪಾದ್ರಿಗಳು ಆಗ ತಲೆಯೆತ್ತಿ ಅವಳನ್ನೇ ನೋಡಿದರು.

ಅವಳು ಸೊಂಟದಿಂದ ಬೀಗದಕೈ ಬಿಚ್ಚಿ ಮೇಜಿನ ಮೇಲಿಟ್ಟಳು. "ಇದನ್ನ ತಗೊಳ್ಳಿ. ಆದ್ರೆ ಕಳ್ಳಿ ಅಂತ ಯಾವ್ಯಾವ ಬಾಗಿಲಲ್ಲಿ ಹೇಳಿದ್ರೋ, ಅದೇ ಬಾಗಿಲಿಗೆ ಹೋಗಿ ಅಲ್ಲ ಅಂತ ಹೇಳಿ ಬನ್ನಿ. ನಿಮ್ಮ ಬಾಯಿಂದಾನೇ ಹೇಳ್ಬೇಕು."

ಸಭೆಯ ಎದುರಿಗಾದ ಮಾತು, ವಕೀಲರ ಹೆಂಡತಿ ತಪ್ಪಿಸಿಕೊಳ್ಳುವಂತಿರಲಿಲ್ಲ. ಆ ವಾರ ಬಾಗಿಲು ಬಾಗಿಲು ತಟ್ಟಿದಳು. ಪಾಪ, ಆ ಹೆಂಗಸು ಕೊಂಡುಕೊಂಡವಳು. ಕಳ್ಳಿ ಏನಿದ್ದರೂ ಆ ಗುಂಡಿ ಮುದುಕಿ ಎಂದಳು. ಮೆಟ್ಟಿಲಿನ ಕೆಲಸ ಮರಳಿ ಸಿಕ್ಕಿತು.

ಬಟ್ಟೆ ಕೋಣೆಯಲ್ಲಿ ಮತ್ತೆ ಸಾಲು ಶುರುವಾಯಿತು. ಜಾಗ ಸಾಲದೆಂದು ಕನ್ನಡಿಯನ್ನು ಗೋಡೆಗೆ ಮುಖಮಾಡಿ ಒರಗಿಸಿದರು. ಗುಂಡಿಯಮ್ಮ ಮನೆಯಲ್ಲಿ ಡಬ್ಬಿಯ ಗುಂಡಿಗಳನ್ನು ಸುರಿದು ಬಣ್ಣ ಬಣ್ಣವಾಗಿ ಬೇರೆ ಮಾಡುವಳು, ಮತ್ತೆ ಒಟ್ಟಿಗೆ ಸುರಿಯುವಳು. ಪಾದ್ರಿಗಳು ಒಂದು ಸಂಜೆ ಬಂದು ಎದುರಿಗೆ ಕುಳಿತರು.

"ದೇವರ ಮನೇಲಿ ಸುಳ್ಳು ಹೇಳಿದ್ಯಲ್ಲಮ್ಮ."

"ಯಾವುದು ಸುಳ್ಳು ಅಂತ ನಿಮ್ಮ ಹತ್ರ ಹೇಳಿದ್ರೆ ಅವಳ ಗುಟ್ಟು ಬಿಟ್ಟುಕೊಟ್ಟ ಹಾಗೆ. ದೇವರು ಬೇಕಾದ್ರೆ ನೇರ ನನ್ನನ್ನೇ ಕೇಳ್ಲಿ."

ಪಾದ್ರಿಗಳು ಎದ್ದು ಹೋಗುವಾಗ ಅವರ ಅಂಗಿಯ ತೋಳಿನ ಸಡಿಲ ಗುಂಡಿಯನ್ನು ಅವಳೇ ಹಿಡಿದು ನಿಲ್ಲಿಸಿ ಬಿಗಿ ಮಾಡಿ ಕಳಿಸಿದಳು.

ಗುಂಡಿಯಮ್ಮನ ಕೈಯಿಂದ ಬೀಗದಕೈ ಹೋದ ವಿಷಯ ಮೆಟ್ಟಿಲು ತೊಳೆಯುವವಳಿಗೆ ತಿಳಿದದ್ದು ಮೆಟ್ಟಿಲ ಮೇಲೆಯೇ. ಇಬ್ಬರು ಹೆಂಗಸರು ಆಡಿಕೊಳ್ಳುತ್ತಾ ಇಳಿಯುವಾಗ. ಮುಂದಿನ ಭಾನುವಾರ ಅವಳು ಮಗಳ ಕೈ ಹಿಡಿದುಕೊಂಡು ಚರ್ಚಿನ ಆ ಸಭಾಂಗಣಕ್ಕೆ ಬಂದಳು. ಆ ಚಳಿಯಲ್ಲೂ ತಾಯಿಯ ಮೈಮೇಲೆ ಹಳೆಯ ತೆಳ್ಳನೆ ಅಂಗಿ ಮಾತ್ರವಿತ್ತು.

"ನಾನು ಕೊಂಡಿಲ್ಲ" ಎಂದಳು. "ಆ ಅಮ್ಮ ಮಾರಿಲ್ಲ. ಕೋಟು ಇರಲಿಲ್ಲ, ಕೇಳಿದೆ, ಕೊಟ್ರು. ಕನ್ನಡಿ ಮುಂದೆ ನಿಲ್ಸಿ, ಚೆನ್ನಾಗಿದೆಯಾ ನೋಡ್ಕೊ ಅಂತ ಕೊಟ್ರು. ಯಾರಿಗೂ ಹೇಳ್ಬೇಡಿ ಅಂತ ಅವರ ಬಾಯಿ ಕಟ್ಟಿದ್ದು ನಾನೇ."

ಮಗಳು ತಾಯಿಯ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.

ಪಾದ್ರಿಗಳು ಬೀಗದಕೈಯನ್ನು ಸ್ವತಃ ಗುಂಡಿಯಮ್ಮನ ಮನೆಗೆ ಒಯ್ದು ಕೊಟ್ಟರು. ಖಜಾಂಚಿ ತಾವೇ ಕನ್ನಡಿಯನ್ನು ತಿರುಗಿಸಿ ನಿಲ್ಲಿಸಿದರು. ವಕೀಲರ ಹೆಂಡತಿ ಆಮೇಲೆ ಬೇರೆ ಬೆಂಚಿಗೆ ಹೋಗಿ ಕೂರತೊಡಗಿದಳು. ಅವರ ಮನೆಯಿಂದ ಚೀಲ ಬರುವುದು ನಿಂತಿತು. ಕೋಟನ್ನು ಸೊಸೆ ತಂದು ಬಟ್ಟೆ ಕೋಣೆಯ ಬಾಗಿಲಲ್ಲಿ ಕೊಟ್ಟು, ಒಳಗೆ ಬರದೆ ಹೊರಟುಹೋದಳು. ಗುಂಡಿಯಮ್ಮ ಮಾರಿಕೊಂಡದ್ದು ನಿಜವೆಂದೇ ನಂಬಿದವರು ಇಂದಿಗೂ ಇದ್ದಾರೆ. ಅವಳು ಅವರ ಬಟ್ಟೆಗೂ ಗುಂಡಿ ಹಚ್ಚುತ್ತಾಳೆ.

ಕೋಟು ಬಂದ ದಿನ ಅವಳು ತಾಯಿ ಮಗಳಿಬ್ಬರನ್ನೂ ಕರೆಸಿ ಡಬ್ಬಿಯನ್ನು ಮೇಜಿನ ಮೇಲೆ ಸುರಿದಳು.

"ಆರಿಸಮ್ಮ. ಈ ಸಲ ನಾನು ಕತ್ತರಿ ಕೆಳಗಿಡಲ್ಲ."

ಹುಡುಗಿ ಗುಂಡಿಗಳಲ್ಲಿ ಬೆರಳಾಡಿಸಿದಳು. ಕಪ್ಪು, ಕಂದು, ಮರದ್ದು, ಹಿತ್ತಾಳೆಯದು. ತಾಯಿಯತ್ತ ಒಮ್ಮೆ ನೋಡಿದಳು.

"ಬೇಡ ಅಜ್ಜಿ" ಅಂದಳು. "ಇರೋದೇ ಇರ್ಲಿ."

ತಾಯಿ ಕೋಟು ತೊಟ್ಟು ಕೆಳಗಿನಿಂದ ಮೇಲಕ್ಕೆ ಗುಂಡಿ ಹಾಕಿಕೊಂಡಳು. ಕತ್ತಿನ ಬಳಿಯ ಗುಂಡಿಯೊಂದರ ನೂಲು ಸಡಿಲಾಗಿತ್ತು. ಗುಂಡಿಯಮ್ಮ ಸೂಜಿಗೆ ದಾರ ಪೋಣಿಸಿ, ಅವಳನ್ನು ಕನ್ನಡಿಯ ಮುಂದೆ ನಿಲ್ಲಿಸಿಕೊಂಡೇ ಅದನ್ನು ಬಿಗಿದಳು.